ಕಿಣ್ವ ಕಟ್ಟುವ ಕೆಲಸ ನಮ್ಮ ಹುಡುಗರಿಗೂ ಬರಲಿ

ನಮಸ್ಕಾರ. ಧಾರವಾಡದಲ್ಲಿ ಬಿ.ಎಸ್ಸಿ ಬಯೋಟೆಕ್ ಓದುವ ಹುಡುಗ ಹುಡುಗಿಯರಿಗೆ ಸಿಗುವ ಉಪದೇಶ ಒಂದೇ. "ಅದನ್ನ ಓದಿ ಏನ್ ಮಾಡ್ತಿ? ಸುಮ್ನ ಸಪ್ತಾಪುರದಾಗ ರೂಮ್ ಹಿಡಿ, ಪಿಎಸ್‌ಐ ಪರೀಕ್ಷಾಕ್ಕ ಓದು." ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ನನಗೆ ಈ ಮಾತು ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳಬೇಕಾದರೆ ಮನುಷ್ಯರ ಜೀನ್ ತಿದ್ದುವ ಕಿಣ್ವಗಳ ವಿಷಯಕ್ಕೆ ಹೋಗಬೇಕು. ಕಿಣ್ವ ಅಂದರೆ ಎಂಜೈಮ್, ಪಿಯುಸಿಯಲ್ಲಿ ಓದಿರುತ್ತೀರಿ.

ಟಿವಿಯವರು ಕ್ರಿಸ್ಪರ್ (ಜೀನ್ ತಿದ್ದುವ ಒಂದು ತಂತ್ರ) ಅಂದ ಕೂಡಲೇ ಕತ್ತರಿ ಚಿತ್ರ ತೋರಿಸುತ್ತಾರೆ. ಡಿಎನ್ಎ ಕತ್ತರಿಸುವುದೇನು ದೊಡ್ಡ ವಿಷಯವಲ್ಲ, ಬ್ಯಾಕ್ಟೀರಿಯಾಗಳು ಮೊದಲಿಂದಲೂ ಅದನ್ನೇ ಮಾಡುತ್ತಿವೆ. ನಮ್ಮ ಡಿಎನ್ಎಯಲ್ಲಿರುವ ಎ, ಟಿ, ಜಿ, ಸಿ ಎಂಬ ಸುಮಾರು 300 ಕೋಟಿ ಅಕ್ಷರಗಳ ನಡುವೆ ಒಂದು ಜಾಗ ಹುಡುಕಿ, ಅಲ್ಲಿ ಮಾತ್ರ ಕೈ ಹಾಕಿ, ಬೇರೆಲ್ಲೂ ಮುಟ್ಟದೆ ಬರುವುದಿದೆಯಲ್ಲ, ಕಷ್ಟ ಇರುವುದು ಅಲ್ಲಿ.

1996ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಶ್ರೀನಿವಾಸನ್ ಚಂದ್ರಸೇಗರನ್ ತಂಡ ಇದಕ್ಕೊಂದು ದಾರಿ ತೋರಿಸಿತು. ಡಿಎನ್ಎ ಗುರುತಿಸುವ ಜಿಂಕ್ ಫಿಂಗರ್ ಎಂಬ ಪ್ರೋಟೀನಿಗೆ, ಬ್ಯಾಕ್ಟೀರಿಯಾದ ಒಂದು ಕಿಣ್ವದ ಕತ್ತರಿಸುವ ಭಾಗವನ್ನಷ್ಟೇ ಜೋಡಿಸಿದರು. ಒಂದೊಂದು ಫಿಂಗರ್ ಮೂರು ಅಕ್ಷರ ಓದುತ್ತದೆ. ಜಾಗ ಬದಲಾದರೆ ಪ್ರೋಟೀನನ್ನೇ ಹೊಸದಾಗಿ ಕಟ್ಟಬೇಕು, ಆ ತಾಪತ್ರಯ ಇತ್ತು. 2012ರಲ್ಲಿ ಕ್ರಿಸ್ಪರ್‌ನ ಕತ್ತರಿ ಕಿಣ್ವ ಕ್ಯಾಸ್9 ಬಂತು. ದಾರಿ ತೋರಿಸುವ ಆರ್‌ಎನ್ಎ ತುಣುಕು ಬದಲಿಸಿದರೆ ಸಾಕು, ಕಿಣ್ವ ಅದೇ. ಇದನ್ನು ತೋರಿಸಿಕೊಟ್ಟ ವಿಜ್ಞಾನಿಗಳಾದ ಡೌಡ್ನಾ, ಶಾರ್ಪಾಂತ್ಯೆ ಇಬ್ಬರಿಗೂ 2020ರಲ್ಲಿ ನೊಬೆಲ್ ಸಿಕ್ಕಿತು. ಈ ಕಥೆ ಯೂಟ್ಯೂಬ್ ತುಂಬಾ ಇದೆ, ಬಿಡಿ.

ನನಗೆ ಜಾಸ್ತಿ ಇಷ್ಟವಾದದ್ದು 2017ರ ಒಂದು ಪ್ರಯೋಗ. ಅಮೆರಿಕದ ಡೇವಿಡ್ ಲಿಯು ಅವರ ಲ್ಯಾಬಿನದು, ನಡೆಸಿದವರು ನಿಕೋಲ್ ಗಾಡೆಲ್ಲಿ. ಡಿಎನ್ಎ ಕತ್ತರಿಸದೆ, 'ಎ' ಅನ್ನುವ ಒಂದೇ ಅಕ್ಷರವನ್ನು 'ಜಿ' ಮಾಡಬೇಕು ಅನ್ನುವುದು ಅವರ ಆಸೆ. ತೊಂದರೆ ಏನೆಂದರೆ, ಡಿಎನ್ಎ ಮೇಲೆ ಆ ಕೆಲಸ ಮಾಡುವ ಕಿಣ್ವ ಎಲ್ಲೂ ಸಿಕ್ಕಿರಲಿಲ್ಲ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಟ್ಯಾಡ್‌ಎ ಅಂತ ಒಂದು ಕಿಣ್ವ ಇದೆ, ಅದು ಕೋಶದಲ್ಲಿ ಪ್ರೋಟೀನ್ ಕಟ್ಟಲು ನೆರವಾಗುವ ಟಿಆರ್‌ಎನ್ಎ ಮೇಲೆ ಮಾತ್ರ ಇಂಥ ಕೆಲಸ ಮಾಡುತ್ತದೆ. ಅದನ್ನೇ ಪಳಗಿಸಲು ಹೊರಟರು.

ಹೇಗೆ ಅಂತ ಕೇಳಿ. ಆಂಟಿಬಯೋಟಿಕ್‌ನಿಂದ ಬ್ಯಾಕ್ಟೀರಿಯಾವನ್ನು ಕಾಪಾಡುವ ಒಂದು ಜೀನ್ ಇದೆ. ಅದರಲ್ಲಿ ಬೇಕಂತಲೇ ಒಂದು ಅಕ್ಷರ ಕೆಡಿಸಿದರು. ಆ 'ಎ' ತಿರುಗಿ 'ಜಿ' ಆದರೆ ಮಾತ್ರ ಜೀನ್ ಸರಿಹೋಗುತ್ತದೆ. ಆಮೇಲೆ ಟ್ಯಾಡ್‌ಎ ಕಿಣ್ವದ ಸಾವಿರಾರು ರೂಪಾಂತರಗಳನ್ನು ಮಾಡಿ, ಕತ್ತರಿಸುವ ಶಕ್ತಿ ಕಿತ್ತುಹಾಕಿದ ಕ್ಯಾಸ್9ಗೆ ಕಟ್ಟಿ, ಬ್ಯಾಕ್ಟೀರಿಯಾಗಳೊಳಗೆ ಬಿಟ್ಟರು. ತಟ್ಟೆಗೆ ಆಂಟಿಬಯೋಟಿಕ್ ಹಾಕಿದರು. ಯಾವುದರೊಳಗಿನ ಕಿಣ್ವ ಅಕ್ಷರ ತಿದ್ದಿತೋ ಅದು ಬದುಕಿತು, ಉಳಿದವು ಸತ್ತವು. ಬದುಕಿದ್ದರ ಕಿಣ್ವ ತೆಗೆದು, ಮತ್ತೆ ಬದಲಿಸಿ, ಇನ್ನಷ್ಟು ಕಠಿಣ ಪರೀಕ್ಷೆ. ಹೀಗೆ ಏಳು ಸುತ್ತು. ಕೊನೆಗೆ ನಿಸರ್ಗದಲ್ಲಿ ಸಿಗದ ಒಂದು ಕಿಣ್ವ ಕೈಗೆ ಬಂತು.

ಗಮನಿಸಿ, ಇಲ್ಲಿ ಕೆಲಸ ಮಾಡಿದ್ದು ಪೆಟ್ರಿ ತಟ್ಟೆ, ಇ. ಕೋಲಿ, ಆಂಟಿಬಯೋಟಿಕ್, ಡಿಎನ್ಎ ಪ್ರತಿ ಮಾಡುವ ಪಿಸಿಆರ್. ತಲೆ ದೊಡ್ಡದು, ದುಡ್ಡೂ ದೊಡ್ಡದೇ ಅನ್ನಿ. ಆದರೆ ಕೈಯ ಕೆಲಸ ನಮ್ಮ ಎಂ.ಎಸ್ಸಿ ಹುಡುಗಿಗೆ ಬರದಂಥದ್ದಲ್ಲ.

ಇದೆಲ್ಲ ನಮಗ್ಯಾಕೆ ಅಂತೀರಾ? ನಮ್ಮ ಕಡೆ ಅಕ್ಕನ ಮಗಳನ್ನು ತರುವುದು, ಸೋದರತ್ತೆ ಮನೆಗೆ ಕೊಡುವುದು ಹೊಸದಲ್ಲ. ಸಂಬಂಧದೊಳಗೆ ಮದುವೆಯಾದಾಗ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಅಡಗಿರುವ ಸಾಧ್ಯತೆ ಜಾಸ್ತಿ. ಹೀಗೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಆಗುವ ರಕ್ತದ ಕಾಯಿಲೆ ಥಲಸ್ಸೇಮಿಯಾ. ಅದು ಇರುವ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ರಕ್ತದ ಜೊತೆ ಮೈಯಲ್ಲಿ ಸೇರುವ ಕಬ್ಬಿಣಾಂಶ ಹೊರಹಾಕಲು ದಿನಾ ಮಾತ್ರೆ. ಹಾವೇರಿಯಿಂದಲೋ ಗದಗದಿಂದಲೋ ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಬರುವ ತಂದೆಯ ಅವತ್ತಿನ ಕೂಲಿ ಹೋಯಿತು ಅಂತಲೇ ಲೆಕ್ಕ.

ಭಾರತದಲ್ಲಿ ಬೀಟಾ ಥಲಸ್ಸೇಮಿಯಾ ತರುವ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಐವಿಎಸ್ 1-5. 'ಜಿ' ಇರಬೇಕಾದ ಜಾಗದಲ್ಲಿ 'ಸಿ' ಕೂತಿರುತ್ತದೆ. ಲಿಯು ಲ್ಯಾಬಿನ ಆ ಚಂದದ ಕಿಣ್ವ ಇದನ್ನು ನೇರವಾಗಿ ತಿದ್ದಲಾರದು, ಅದಕ್ಕೆ ಬರುವುದು 'ಎ'ಯನ್ನು 'ಜಿ' ಮಾಡುವುದು. 'ಸಿ'ಯನ್ನು 'ಜಿ' ಮಾಡುವ ಕಿಣ್ವಗಳೂ ಬಂದಿವೆ, ಆದರೆ ಅಷ್ಟು ಪಳಗಿಲ್ಲ. 2019ರ ಪ್ರೈಮ್ ಎಡಿಟಿಂಗ್‌ಗೆ ಯಾವ ಅಕ್ಷರವಾದರೂ ನಡೆಯುತ್ತದೆ. ಆದರೆ ಅದು ಗಾತ್ರದಲ್ಲಿ ದೊಡ್ಡದು, ಜೀವಕೋಶದೊಳಗೆ ಸಾಗಿಸುವುದೇ ಒಂದು ಪೇಚಾಟ.

ತಿಳಿದವರು ಇಲ್ಲಿ ನನ್ನನ್ನು ತಡೆಯಬಹುದು. ಕ್ಯಾಸ್ಜೆವಿ ಅನ್ನುವ ಕ್ರಿಸ್ಪರ್ ಚಿಕಿತ್ಸೆ ಇದೆಯಲ್ಲ, ಅದಕ್ಕೆ ಯಾವ ಅಕ್ಷರ ಕೆಟ್ಟಿದೆ ಅನ್ನುವುದೇ ಬೇಕಿಲ್ಲ ಅಂತ. ನಿಜ. ಅದು ತಪ್ಪನ್ನು ತಿದ್ದುವುದಿಲ್ಲ. ಬಿಸಿಎಲ್11ಎ ಅನ್ನುವ ಜೀನ್‌ನ ಸ್ವಿಚ್ಚನ್ನು ರಕ್ತಕೋಶಗಳಲ್ಲಿ ಕೆಡಿಸಿ, ತಾಯಿಯ ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ಶುರುವಾಗುವಂತೆ ಮಾಡುತ್ತದೆ. ಅಮೆರಿಕದಲ್ಲಿ 2023ರ ಡಿಸೆಂಬರಿನಲ್ಲಿ ಸಿಕಲ್ ಸೆಲ್ ಎಂಬ ಇನ್ನೊಂದು ರಕ್ತದ ಕಾಯಿಲೆ‌ಗೆ, ಮರು ತಿಂಗಳೇ ಥಲಸ್ಸೇಮಿಯಾಕ್ಕೆ ಒಪ್ಪಿಗೆ ಸಿಕ್ಕಿತು. ಆಗ ಇಟ್ಟ ಬೆಲೆ 22 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಮೇಲೆ ಮೂಳೆಮಜ್ಜೆ ಖಾಲಿ ಮಾಡಲು ಕೀಮೋ ಬೇರೆ. ಔಷಧ ಒಳ್ಳೆಯದೇ, ನಮ್ಮ ಆ ತಂದೆಗೆ ಮಾತ್ರ ಅದು ಇದ್ದೂ ಇಲ್ಲದ ಹಾಗೆ.

ಹಾಗಂತ ಇದು ಶ್ರೀಮಂತರ ಆಟ ಅಂತ ಕೈಚೆಲ್ಲುವವರ ಜೊತೆಗೂ ನಾನಿಲ್ಲ. ದಿಲ್ಲಿಯ ಐಜಿಐಬಿ ಸಂಸ್ಥೆಯಲ್ಲಿ ದೇಬಜ್ಯೋತಿ ಚಕ್ರವರ್ತಿ, ಸೌವಿಕ್ ಮೈತಿ ತಂಡ ಬೇರೆ ಬ್ಯಾಕ್ಟೀರಿಯಾದ ಕ್ಯಾಸ್9 ಆರಿಸಿಕೊಂಡಿತು, ಫ್ರಾನ್ಸಿಸೆಲ್ಲಾ ನೋವಿಸಿಡಾದ್ದು. ಅದು ತಪ್ಪು ಜಾಗಕ್ಕೆ ಕೈ ಹಾಕುವುದು ತೀರಾ ಕಡಿಮೆ, ಆದರೆ ಕೆಲಸ ನಿಧಾನ. ಪ್ರೋಟೀನಿನಲ್ಲಿ ಅಲ್ಲಲ್ಲಿ ಅಮೈನೋ ಆಮ್ಲ ಬದಲಿಸಿ ಅದನ್ನು ಚುರುಕು ಮಾಡಿದರು. 2025ರ ನವೆಂಬರಿನಲ್ಲಿ ಸರ್ಕಾರ ಸಿಕಲ್ ಸೆಲ್‌ಗಾಗಿ ಇಲ್ಲೇ ತಯಾರಾದ ಚಿಕಿತ್ಸೆಯನ್ನು ಬಿರ್ಸಾ 101 ಅಂತ ಹೆಸರಿಟ್ಟು ಮುಂದಿಟ್ಟಿತು. ತಯಾರಿಕೆಗೆ ಸೀರಮ್ ಇನ್‌ಸ್ಟಿಟ್ಯೂಟ್ ಜೊತೆಗಿದೆ. ಎಲ್ಲರ ಕೈಗೆ ಸಿಗಲು ಇನ್ನೂ ಪರೀಕ್ಷೆಗಳು ಮುಗಿಯಬೇಕು. ಆದರೆ ಕಿಣ್ವ ನಮ್ಮದಾದರೆ ಬೆಲೆಯ ಮಾತಲ್ಲಿ ನಮಗೂ ಒಂದು ದನಿ ಇರುತ್ತದೆ, ಅಲ್ವಾ?

ಅಲ್ಲಿಯವರೆಗೆ ಮದುವೆಗೆ ಮುಂಚೆ, ಥಲಸ್ಸೇಮಿಯಾದ ಜೀನ್ ಅಡಗಿದೆಯಾ ಅಂತ ತಿಳಿಯಲು, ಎಚ್‌ಬಿಎ2 ರಕ್ತಪರೀಕ್ಷೆ ಮಾಡಿಸಿ. ಜಾತಕ ನೋಡಿಸುವ ಮನೆಗಳಿಗೆ ಇದೇನು ಭಾರವಲ್ಲ.

ಈಗ ಧಾರವಾಡಕ್ಕೆ ಬರೋಣ. ಕೃಷಿ ವಿಶ್ವವಿದ್ಯಾಲಯ ಇದೆ, ಕರ್ನಾಟಕ ವಿಶ್ವವಿದ್ಯಾಲಯ ಇದೆ, ಐಐಟಿ ಬಂದಿದೆ. ಚಿಗರಿ ಬಸ್ಸು ಹತ್ತಿದರೆ ಹುಬ್ಬಳ್ಳಿಯಲ್ಲಿ ಎಲ್ಲರೂ ಕಿಮ್ಸ್ ಅನ್ನುವ ಆಸ್ಪತ್ರೆ. ರೋಗಿಗಳೂ ಇಲ್ಲೇ, ಓದುವವರೂ ಇಲ್ಲೇ. ನಡುವೆ ಕಿಣ್ವ ಕಟ್ಟುವ ಕೈಗಳು ತಯಾರಾಗಬೇಕು. ಅದು ಗೈಡ್ ಉರು ಹೊಡೆದರೆ ಬರುವುದಿಲ್ಲ, ತಟ್ಟೆ ಹಾಳು ಮಾಡಿಕೊಂಡೇ ಕಲಿಯಬೇಕು. ಬಯೋಟೆಕ್ ಓದುತ್ತಿರುವವರು ಕಾಮೆಂಟಿನಲ್ಲಿ ಬರೆಯಿರಿ: ನಿಮ್ಮ ಕಾಲೇಜಿನ ಪಿಸಿಆರ್ ಯಂತ್ರ ನೀವೇ ನಡೆಸಿದ್ದೀರಾ, ಅಥವಾ ತಪಾಸಣಾ ತಂಡ ಬಂದ ದಿನ ಮಾತ್ರ ಅದರ ಕವರ್ ತೆಗೆಯುತ್ತಾರಾ? ಕಾಲೇಜಿನ ಹೆಸರು ಬೇಡ. ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಓದುತ್ತೇನೆ.