ಕೇಬಲ್ ಎಳೆಯೋರು ಯಾರು?

ಎಲ್ಲರಿಗೂ ನಮಸ್ಕಾರ. ಊಟ ಮುಗಿದ ತಕ್ಷಣ ನನ್ನನ್ನು ನಿಲ್ಲಿಸಿದ್ದಾರೆ, ಅದೂ ಕೇಬಲ್ ಬಗ್ಗೆ ಮಾತಾಡೋಕೆ. ಹಿಂದಿನ ಸಾಲಿನವರು ಸಂಕೋಚ ಇಲ್ಲದೆ ಕಣ್ಣು ಮುಚ್ಚಬಹುದು. ಗೊರಕೆ ಮಾತ್ರ ಬೇಡ.

ಹಟ್ಟಿ, ಸಂಡೂರು ಗಣಿ ಕಡೆಯವರೇ ಜಾಸ್ತಿ ಇದ್ದೀರಿ. ಟ್ರೇಲಿಂಗ್ ಕೇಬಲ್ ಅಂದರೆ ಓಡಾಡುವ ಯಂತ್ರಕ್ಕೆ ಕರೆಂಟ್ ಕೊಡುತ್ತಾ ಅದರ ಹಿಂದೆಯೇ ಎಳೆದಾಡುವ ಕೇಬಲ್ ಅಂತ ನಿಮಗೆ ಹೇಳಬೇಕಾಗಿಲ್ಲ. ನನ್ನದು ಒಂದೇ ತಕರಾರು. ಕೇಬಲ್ ಆರಿಸುವಾಗ ನಾವು ಮೋಟಾರಿನ ನೇಮ್‌ಪ್ಲೇಟ್ ನೋಡುತ್ತೇವೆ, ಆಂಪಿಯರ್ ಲೆಕ್ಕ ಹಾಕುತ್ತೇವೆ, ಟೇಬಲ್ ನೋಡಿ ಸೈಜ್ ಬರೆಯುತ್ತೇವೆ, ಟೆಂಡರ್ ಕರೆಯುತ್ತೇವೆ. ಇದನ್ನು ಎಳೆಯೋರು ಯಾರು ಅಂತ ಯಾರೂ ಕೇಳುವುದಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದರು, ಗೊತ್ತಲ್ವಾ? ದೊಡ್ಡ ಕೆಲಸವೇ. ಆದರೆ ಕಂಬದ ತಂತಿ ಕಟ್ಟಿದ ಮೇಲೆ ಅಲ್ಲೇ ಇರುತ್ತದೆ. ನಮ್ಮ ಕೇಬಲ್ ದಿನಾ ಜಾಗ ಬದಲಿಸುತ್ತದೆ. ಕಲ್ಲಿಗೆ ಉಜ್ಜುತ್ತದೆ, ಕೆಸರಲ್ಲಿ ಹೊರಳುತ್ತದೆ, ಡಂಪರ್ ಚಕ್ರಕ್ಕೂ ಸಿಗುತ್ತದೆ. ಕರೆಂಟ್ ಜಾಸ್ತಿಯಾಗಿ ಸತ್ತ ಕೇಬಲ್‌ಗಿಂತ ಎಳೆದಾಟದಲ್ಲಿ ಸತ್ತದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ.

"ಇರಲಿ, ಒಂದು ಸೈಜ್ ದೊಡ್ಡದೇ ಹಾಕೋಣ" ಅನ್ನುತ್ತಾರಲ್ಲ, ಅದರ ಕಥೆ ಹೇಳುತ್ತೇನೆ. ಒಂದು ಭೂಗತ ಗಣಿ, ಹೆಸರು ಬೇಡ. 550 ವೋಲ್ಟಿನ ಡ್ರಿಲ್ ಯಂತ್ರ. ಕೇಬಲ್ ಬೇಕಾದ್ದಕ್ಕಿಂತ ದಪ್ಪ, ಬಗ್ಗುವುದೇ ಇಲ್ಲ. ಹೆಲ್ಪರ್‌ಗಳು ಏನು ಮಾಡಬೇಕು? ಹಿಡಿಯಲು ಸಿಗುವುದು ಪ್ಲಗ್ ಒಂದೇ, ಅದನ್ನೇ ಹಿಡಿದು ಎಳೆಯುತ್ತಿದ್ದರು. ಮೇಲಿಂದ ನೀರು ಬೇರೆ ಜಿನುಗುತ್ತಿತ್ತು. ಅರ್ಥ್ ತಂತಿ ಕಡಿದಿಲ್ಲ ತಾನೇ ಅಂತ ಕಾಯುವ ಪೈಲಟ್ ಸರ್ಕ್ಯೂಟ್ ಗಂಟೆಗೊಮ್ಮೆ ಟ್ರಿಪ್. ಕೋರ್ ಅಂದರೆ ಕೇಬಲ್ ಒಳಗಿನ ಒಂದೊಂದು ತಂತಿ. ಪೈಲಟ್ ಕೋರ್‌ನಲ್ಲಿ ಸಣ್ಣ ಕರೆಂಟ್ ಹೋಗಿ, ಯಂತ್ರದ ತುದಿಯ ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಬಿಡಿಭಾಗ) ದಾಟಿ, ಅರ್ಥ್ ಕೋರ್‌ನಲ್ಲೇ ವಾಪಸ್ ಬರಬೇಕು. ಬರಲಿಲ್ಲ ಅಂದರೆ ಸ್ವಿಚ್ ಬೀಳುತ್ತದೆ. ಬೀಳಲೇಬೇಕು. ಶಿಫ್ಟ್‌ನವರಿಗೆ ಟನ್ ಲೆಕ್ಕದ ಒತ್ತಡ. ಯಾರೋ ಒಬ್ಬ ಜಾಣ ಅಕ್ಕಿ ಕಾಳಿನಷ್ಟು ಡಯೋಡ್ ತಂದು ಸ್ವಿಚ್ ಪೆಟ್ಟಿಗೆಯೊಳಗೇ ಕೂರಿಸಿಬಿಟ್ಟ. ಪೈಲಟ್ ಕರೆಂಟ್ ಯಂತ್ರದವರೆಗೆ ಹೋಗದೆ ಅಲ್ಲಿಂದಲೇ ವಾಪಸ್. ಟ್ರಿಪ್ ನಿಂತಿತು. ಎಲ್ಲರಿಗೂ ಖುಷಿ!

ಆಮೇಲೆ ಒಬ್ಬ ಹಿರಿಯ ಹೆಲ್ಪರ್ ಬಂದು, "ಸರ, ಮಷಿನ್ ಮುಟ್ಟಿದ್ರ ಜುಮ್ಮಂತೈತ್ರಿ" ಅಂದ. ಸುಮ್ನೆ ಹೇಳುತ್ತಾನೆ ಅಂತ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆತ ಮಾತ್ರ ಯಂತ್ರ ಮುಟ್ಟಲ್ಲ ಅಂತ ಕೂತುಬಿಟ್ಟ. ಕೊನೆಗೆ ಪ್ಲಗ್ ಬಿಚ್ಚಿಸಿದೆವು. ಪ್ಲಗ್‌ನಲ್ಲಿ ಕೇಬಲನ್ನು ಬಿಗಿಯಾಗಿ ಹಿಡಿಯುವ ಗ್ಲ್ಯಾಂಡ್ ಸಡಿಲವಾಗಿ, ಎಳೆತವೆಲ್ಲ ಒಳಗಿನ ಕೋರ್‌ಗಳ ಮೇಲೆ ಬಿದ್ದು, ಅರ್ಥ್ ಕೋರ್‌ನ ಎಳೆಗಳು ಒಂದೂ ಉಳಿಯದೆ ತುಂಡಾಗಿದ್ದವು. ಹಸಿರುಗಟ್ಟಿದ್ದವು, ಅಂದರೆ ಕಡಿದು ಎಷ್ಟೋ ದಿನವಾಗಿತ್ತು. ಪೆಟ್ಟಿಗೆಯ ಡಯೋಡ್ ಮಾತ್ರ "ಅರ್ಥ್ ಸರಿ ಇದೆ" ಅಂತ ಹೇಳುತ್ತಲೇ ಇತ್ತು. ಆತ ಹಟ ಹಿಡಿಯದಿದ್ದರೆ ಒಂದು ಹೆಣ ಮೇಲೆ ಬರುತ್ತಿತ್ತು. ಅದಕ್ಕೇ ಕೇಳುವುದು, ಎಳೆಯೋರು ಯಾರು? ಸೈಜ್ ಬರೆಯುವ ಮುಂಚೆ ಅವರನ್ನು ಕರೆದು ಕೂರಿಸಿ.

ಹಾಗಂತ ತೆಳ್ಳಗಿನದು ತರಿಸಿ ಅನ್ನುತ್ತಿಲ್ಲ. ಟೇಬಲ್‌ನ ಆಂಪಿಯರ್ ಬಿಡಿಸಿ ಹಾಸಿದ ಕೇಬಲ್‌ಗೆ. ರೀಲ್‌ಗೆ ಸುತ್ತಿದರೆ ಬಿಸಿ ಹೊರಗೆ ಹೋಗಲ್ಲ. ಅಮೆರಿಕದವರ ಲೆಕ್ಕದಲ್ಲಿ ಒಂದು ಪದರ ಸುತ್ತಿದರೆ ಟೇಬಲ್ ಆಂಪಿಯರ್‌ನ 85%, ಎರಡಕ್ಕೆ 65, ಮೂರಕ್ಕೆ 45, ನಾಲ್ಕಕ್ಕೆ 35. ಅಂದರೆ 200 ಆಂಪಿಯರ್‌ನದು ನಾಲ್ಕು ಪದರದಲ್ಲಿ 70ಕ್ಕೇ ಸುಸ್ತು. ಎಳೆತಕ್ಕೂ ಮಿತಿ ಇದೆ. ತಾಮ್ರದ ಚದರ ಮಿಲಿಮೀಟರಿಗೆ 15 ನ್ಯೂಟನ್ ಅನ್ನುವುದು ಜರ್ಮನ್ನರ ಲೆಕ್ಕ. 70 ಚದರ ಮಿಲಿಮೀಟರಿನ ಮೂರು ಕೋರ್ ಇದ್ದರೆ 3150 ನ್ಯೂಟನ್, ಹೆಚ್ಚುಕಮ್ಮಿ 320 ಕೆಜಿ ಎಳೆತ. ಡೋಜರ್‌ಗೆ ಸಿಕ್ಕಿಸಿ ಎಳೆಯುವ ಮಹಾಶಯರು ಇಲ್ಲಿದ್ದರೆ ಕೈ ಎತ್ತುವುದು ಬೇಡ, ನನಗೆ ಗೊತ್ತು.

ಚೀಟಿ ಬಂತು, ಐದು ನಿಮಿಷ ಅಂತೆ. ವೋಲ್ಟೇಜ್ ಡ್ರಾಪ್ ಬಗ್ಗೆ ಒಂದೇ ಮಾತು: ಉದ್ದ ಕೇಬಲ್‌ನ ತುದಿಯಲ್ಲಿ 80% ವೋಲ್ಟೇಜ್ ಸಿಕ್ಕರೆ ಮೋಟಾರಿನ ಸ್ಟಾರ್ಟಿಂಗ್ ಟಾರ್ಕ್, ಅಂದರೆ ಶುರುವಾಗುವಾಗಿನ ತಿರುಗುವ ಬಲ, 64%ಕ್ಕೆ ಇಳಿಯುತ್ತದೆ. ಮೋಟಾರ್ ಬೈಯಬೇಡಿ. ಗಣಿ ಬಾವಿಯೊಳಗೆ ಇಳಿಬಿಡುವ ಶಾಫ್ಟ್ ಕೇಬಲ್ ಬೇರೆಯೇ ಜಾತಿ, ತನ್ನ ಭಾರ ತಾನೇ ಹೊರಬೇಕು, ಅದಕ್ಕೇ ಸ್ಟೀಲ್ ವೈರ್ ಆರ್ಮರ್ ಅನ್ನುವ ಉಕ್ಕಿನ ತಂತಿಯ ಕವಚ, ಅಲ್ಲಲ್ಲಿ ಕ್ಲ್ಯಾಂಪ್. ಜಾಯಿಂಟ್ ಬಗ್ಗೆ ಹೇಳೋಕೆ ಟೈಮ್ ಇಲ್ಲ. ವಲ್ಕನೈಸ್ ಮಾಡಿಸಿ, ಅಂದರೆ ಬಿಸಿ ಕೊಟ್ಟು ರಬ್ಬರ್ ಬೆಸೆಯಿಸಿ, ಬರೀ ಟೇಪ್ ಸುತ್ತಿ ಕಳಿಸಬೇಡಿ.

ಹಿಂದಿನ ಮೇಜಿನ ಮೇಲೆ ಕೇಬಲ್‌ನ ಎರಡು ತುಂಡು ಕೊಯ್ದು ಇಟ್ಟಿದ್ದೇನೆ. ಪೈಲಟ್ ಕೋರ್ ಯಾವುದು, ಅರ್ಥ್ ಯಾವುದು ಹುಡುಕಿ. ಅಂಚು ಚೂಪಾಗಿದೆ, ಕೈ ಜೋಪಾನ. ಪ್ರಶ್ನೆ ಇದ್ದರೆ ಕೇಳಿ, ಟೀ ಬರುವವರೆಗೆ ಇಲ್ಲೇ ಇರುತ್ತೇನೆ.