ನೆನಪಿನ ದುಡ್ಡು ಕೆರೆಗೆ ಬೀಳಲಿ

(ಜುಲೈ 10ರ ಮತ್ಸ್ಯ ಕೃಷಿಕರ ದಿನದಂದು ದಾವಣಗೆರೆಯಲ್ಲಿ ಮೀನುಗಾರರ ಸಹಕಾರ ಸಂಘವೊಂದರ ಸದಸ್ಯರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ವೇದಿಕೆ ಮೇಲಿರುವ ಹಿರಿಯರ ಹೆಸರನ್ನು ಒಂದೊಂದಾಗಿ ಹೇಳುತ್ತಾ ಹೋದರೆ ನನಗೆ ಕೊಟ್ಟ ಸಮಯ ಅಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನಾನು ಬಲೆ ಬೀಸಿದವನಲ್ಲ, ತಕ್ಕಡಿ ಹಿಡಿದವನೂ ಅಲ್ಲ. ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನು. ಹರಿಹರ, ಚನ್ನಗಿರಿ, ಆ ಕಡೆ ಹಿರಿಯೂರು, ಚಳ್ಳಕೆರೆ, ಎಲ್ಲ ಕಡೆಯ ಕಡತಗಳ ಧೂಳು ಕುಡಿದಿದ್ದೇನೆ. ನಿಮ್ಮ ಹಿಂದಿನ ಅಧ್ಯಕ್ಷರು ತೀರಿಕೊಂಡು ವರ್ಷವಾಯಿತು. ಅವರ ಹೆಸರಿನಲ್ಲಿ ಒಂದು ನಿಧಿ ಮಾಡಬೇಕು ಅಂತ ನೀವು ಹೊರಟಿದ್ದೀರಿ. ಹೇಗೆ ಮಾಡಬೇಕು ಅಂತ ಹೇಳಿ ಸಾರ್ ಅಂದರು ಕಾರ್ಯದರ್ಶಿಗಳು. ಹೇಗೆ ಮಾಡಬಾರದು ಅನ್ನುವುದು ನನಗೆ ಜಾಸ್ತಿ ಗೊತ್ತು. ಅಲ್ಲಿಂದಲೇ ಶುರು ಮಾಡುತ್ತೇನೆ.

ದತ್ತಿ ಅನ್ನುವುದು ನಮಗೆ ಹೊಸದಲ್ಲ. ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ ಕೇಳಿದವರು ಇಲ್ಲೂ ಇರಬಹುದು. ಅಪ್ಪ ಅಮ್ಮನ ಹೆಸರಿನಲ್ಲಿ ಯಾರೋ ಒಂದಿಷ್ಟು ದುಡ್ಡು ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ. ಒಳ್ಳೆಯ ಪದ್ಧತಿ. ಆದರೆ ಲೆಕ್ಕ ನೋಡಿ. ಹತ್ತು ಸಾವಿರ ಇಟ್ಟರೆ ಶೇಕಡಾ 7ರ ಬಡ್ಡಿಯಲ್ಲಿ ವರ್ಷಕ್ಕೆ 700 ರೂಪಾಯಿ. ಒಂದು ಕಾಲದಲ್ಲಿ ಅಷ್ಟರಲ್ಲಿ ಶಾಲು, ಹಾರ, ಹಣ್ಣು ಎಲ್ಲ ಮುಗಿದು ಬಂದವರಿಗೆ ಕಾಫಿಯೂ ಆಗುತ್ತಿತ್ತು. ಈಗ ಪೇಟ ತಂದರೆ ಹಾರಕ್ಕೆ ಇಲ್ಲ, ಹಾರ ತಂದರೆ ಕಾಫಿಗೆ ಇಲ್ಲ.

ಒಂದು ಸಂಘದಲ್ಲಿ, ಹೆಸರು ಬೇಡ, ಸ್ಥಾಪಕರ ನೆನಪಿಗೆ ಅಂತ ಠೇವಣಿ ಇಟ್ಟಿದ್ದರು. ನಾಲ್ಕೈದು ವರ್ಷ ಮಕ್ಕಳಿಗೆ ಬಹುಮಾನ ಕೊಟ್ಟರು. ಆಮೇಲೆ ಕಾರ್ಯದರ್ಶಿ ಬದಲಾದರು. ಠೇವಣಿ ರಸೀದಿ ಬೀರುವಿನ ತಳದಲ್ಲಿ ಸಿಕ್ಕಿತು. ದುಡ್ಡನ್ನು ಯಾರೂ ತಿಂದಿರಲಿಲ್ಲ. ತಿಂದಿದ್ದರೆ ಕೇಸಾದರೂ ಆಗಿ ಆ ಪುಣ್ಯಾತ್ಮನ ಹೆಸರು ಓಡಾಡುತ್ತಿತ್ತು! ಸುಮ್ನೆ ಮಲಗಿತ್ತು. ಗೋಡೆ ಮೇಲಿನ ಫೋಟೋ ತೋರಿಸಿ ಇವರು ಯಾರಪ್ಪ ಅಂದೆ. ಗುಮಾಸ್ತ ಹೊಸಬ. ಯಾರೋ ದಾನಿಗಳು ಸಾರ್ ಅಂದ.

ಹೆಸರು ಇಟ್ಟ ಮಾತ್ರಕ್ಕೆ ಹೆಸರು ಉಳಿಯುವುದಿಲ್ಲ. ನಮ್ಮ ಊರಲ್ಲೇ ನೋಡಿ. ಎಲ್ಲರೂ ಸಿ.ಜಿ. ಆಸ್ಪತ್ರೆ ಅನ್ನುತ್ತೇವೆ. ಆ ಸಿ ಅಕ್ಷರದಲ್ಲಿ ಚಿಗಟೇರಿ ಅನ್ನುವ ಹೆಸರು ಇದೆ ಅಂತ ಎಷ್ಟು ಹುಡುಗರಿಗೆ ಗೊತ್ತು? ಹಿರಿಯೂರಿನ ಜಲಾಶಯಕ್ಕೆ ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರ ಹೆಸರಿಟ್ಟು ನೂರು ವರ್ಷ ದಾಟಿದೆ. ಮೀನು ಮಾರುವವರು ಇವತ್ತಿಗೂ ಮಾರಿಕಣಿವೆ ಮೀನು ಅಂತಲೇ ಕೂಗುತ್ತಾರೆ.

ಇನ್ನು ಸೂಳೆಕೆರೆ. ಅದರ ಕಥೆ ಚನ್ನಗಿರಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಶಾಂತವ್ವ ಅನ್ನುವ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಳು. ಬೇಕಾದ ಜಾಗ ಸೂಳೆಯರದ್ದು. ಅವರು ಕೊಡುತ್ತೇವೆ ಅಂದರು, ಕೆರೆಗೆ ನಮ್ಮ ಹೆಸರಿಡಬೇಕು ಅಂತ ಒಂದೇ ಶರತ್ತು ಹಾಕಿದರು. ಶಾಂತವ್ವ ಒಪ್ಪಿದಳು. ಹೀಗಂತ ಜನರ ಬಾಯಲ್ಲಿರುವ ಕಥೆ. ಆಮೇಲೆ ನಮಗೆ ಮುಜುಗರವಾಗಿ ಶಾಂತಿಸಾಗರ ಅಂತ ಬೋರ್ಡು ಹಾಕಿದೆವು. ನನ್ನನ್ನು ಕೇಳಿದರೆ ಅದು ಮಾತು ತಪ್ಪಿದ ಹಾಗೆ. ದಾನಿಗಳು ಹಾಕಿದ ಶರತ್ತು, ದುಡ್ಡಿನ ಲೆಕ್ಕದಲ್ಲಾದರೆ ನಾನು ಆಕ್ಷೇಪಣೆ ಬರೆಯುತ್ತಿದ್ದೆ. ಅದಿರಲಿ. ಆ ಹೆಂಗಸರಿಗೆ ಫೋಟೋ ಇಲ್ಲ, ಪ್ರತಿಮೆ ಇಲ್ಲ. ಕೆರೆಯಲ್ಲಿ ನೀರಿದೆ, ನೀರಲ್ಲಿ ಮೀನಿದೆ, ಬಾಯಲ್ಲಿ ಹೆಸರಿದೆ.

ಈಗ ಈ ದಿನದ ವಿಷಯ. ಜುಲೈ 10 ಯಾಕೆ? ಇದು ಯಾರ ಹುಟ್ಟುಹಬ್ಬವೂ ಅಲ್ಲ, ಪುಣ್ಯತಿಥಿಯೂ ಅಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಎಂಬ ವಿಜ್ಞಾನಿಗಳು ಗೆಂಡೆ ಜಾತಿಯ ಮೀನಿಗೆ ಚುಚ್ಚುಮದ್ದು ಕೊಟ್ಟು ಕೊಳದಲ್ಲೇ ಮೊಟ್ಟೆ ಇಡಿಸಿದರು. ಔಷಧಿ ಅಂಗಡಿಯದ್ದಲ್ಲ. ಇನ್ನೊಂದು ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ರಸ. ಅಲ್ಲಿವರೆಗೆ ಮಳೆಗಾಲದಲ್ಲಿ ನದಿಗೆ ಹೋಗಿ ಮರಿ ಹಿಡಿದು ತರಬೇಕಿತ್ತು. ಅದರಲ್ಲಿ ಯಾವ ಜಾತಿ ಎಷ್ಟು ಅಂತ ಹಿಡಿದವನಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ. ಚೌಧುರಿಯವರು 2014ರಲ್ಲಿ ತೀರಿಕೊಂಡರು. ಅವರ ಮುಖ ನಿಮ್ಮಲ್ಲಿ ಯಾರೂ ನೋಡಿರಲಿಕ್ಕಿಲ್ಲ, ನಾನೂ ನೋಡಿಲ್ಲ. ಆದರೆ ನೀವು ಕೆರೆಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮರಿಗಳೆಲ್ಲ ಅವರು ತೋರಿಸಿದ ದಾರಿಯಲ್ಲೇ ಹುಟ್ಟಿದವು.

ಇಲ್ಲಿ ಒಂದು ಮಾತು ಗಮನಿಸಿ. ಕಾಟ್ಲಾ, ರೋಹು ಮೊಟ್ಟೆ ಇಡಲು ಹರಿಯುವ ನೀರು ಬೇಕು. ನಮ್ಮ ಕೆರೆಯಲ್ಲಿ ಬೆಳೆಯುತ್ತವೆ, ಕೊಬ್ಬುತ್ತವೆ, ಮರಿ ಮಾತ್ರ ಮಾಡುವುದಿಲ್ಲ. ಹಾಗಾಗಿ ವರ್ಷ ವರ್ಷ ಹೊಸ ಮರಿ ಬಿಡಲೇಬೇಕು. ಬಡ್ಡಿ ಬರುವುದೂ ವರ್ಷ ವರ್ಷವೇ ಅಲ್ವಾ? ನಿಮ್ಮ ನಿಧಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗಂತೂ ಕಾಣುತ್ತಿಲ್ಲ. ಅಧ್ಯಕ್ಷರ ಹೆಸರಿನ ಬಡ್ಡಿಯಲ್ಲಿ ಕೆರೆಗೆ ಮೀನುಮರಿ ಬಿಡಿ.

ಬೇರೆ ಕಡೆ ಏನು ಮಾಡಿದ್ದಾರೆ ಅಂತಲೂ ನೋಡೋಣ. ಅಮೆರಿಕದ ಗ್ಲೌಸ್ಟರ್ ಅನ್ನುವ ಬಂದರಿನಲ್ಲಿ 1925ರಿಂದ ಒಂದು ಕಂಚಿನ ಪ್ರತಿಮೆ ಇದೆ. ದೋಣಿಯ ಚಕ್ರ ಹಿಡಿದು ನಿಂತ ಮೀನುಗಾರ. ಸುತ್ತ ಫಲಕಗಳಲ್ಲಿ ಸಮುದ್ರದಲ್ಲಿ ಸತ್ತ 5,368 ಜನರ ಹೆಸರು. ದೋಣಿ ಮಾಲೀಕರ ಪಟ್ಟಿ ಅಲ್ಲ ಅದು, ಮುಳುಗಿದವರದ್ದು. ಅದೇ ದೇಶದ ಇನ್ನೊಂದು ಮೂಲೆಯಲ್ಲಿ ಸೀಶೇರ್ ಅನ್ನುವ ಸಂಸ್ಥೆ 1994ರಿಂದ ಕೆಲಸ ಮಾಡುತ್ತಿದೆ. ಅಲಾಸ್ಕಾ ಕಡೆ ದೊಡ್ಡ ಬಲೆಗಳಲ್ಲಿ ಹಿಡಿಯಬಾರದ ಜಾತಿಯ ಮೀನೂ ಸಿಗುತ್ತದೆ. ಅದು ಸತ್ತಿದ್ದರೂ ಮಾರುವ ಹಾಗಿಲ್ಲ, ವಾಪಸ್ ನೀರಿಗೆ ಎಸೆಯಬೇಕು ಅಂತ ಕಾನೂನು. ಎಸೆಯುವ ಬದಲು ಹಸಿದವರಿಗೆ ಕೊಡೋಣ ಅಂತ ಹೊರಟವರು ಇವರು. ಆಮೇಲೆ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು, ಮೀನು ಕಂಪನಿಗಳೂ ಕೈಜೋಡಿಸಿದವು. ಮೀನು ವ್ಯಾಪಾರದ ಹಿರಿಯರೊಬ್ಬರು ಸತ್ತರೆ ಅವರ ನೆನಪಿಗೆ ಇಂಥ ಸಂಸ್ಥೆಗೆ ಕೊಟ್ಟ ದುಡ್ಡು ಬಡವರ ತಟ್ಟೆಗೆ ಮೀನಾಗಿ ಬಂದರೆ ಎಷ್ಟು ಚಂದ ನೋಡಿ. ಹೂವಿನ ಚಕ್ರಕ್ಕಿಂತ ಅದು ನನಗೆ ಇಷ್ಟ.

ನಮ್ಮ ಕರಾವಳಿಯವರೂ ಹಿಂದೆ ಬಿದ್ದಿಲ್ಲ. ಮುಂಬೈಗೆ ಹೋದ ಮೊಗವೀರರು, ಅಂದರೆ ಕರಾವಳಿಯ ಮೀನುಗಾರ ಸಮುದಾಯದವರು, 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. ಉಡುಪಿಯ ಅಜ್ಜರಕಾಡಿನ ಸರ್ಕಾರಿ ಮಹಿಳಾ ಕಾಲೇಜಿಗೆ ಡಾ. ಜಿ. ಶಂಕರ್ ಅವರ ಹೆಸರಿದೆ, ಅವರು ಅದೇ ಮೊಗವೀರ ಸಮುದಾಯದ ಉದ್ಯಮಿ. ಅಷ್ಟು ದೊಡ್ಡದು ನಮ್ಮ ಕೈಲಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ.

ಇನ್ನು ಕೆಲಸದ ಮಾತು. ಕಾರ್ಯದರ್ಶಿಗಳೇ, ಬರೆದುಕೊಳ್ಳಿ.

ನಿಧಿಗೆ ಬೇರೆಯೇ ಖಾತೆ ಇರಲಿ. ಸಂಘದ ಲಾಭ ನಷ್ಟದ ಜೊತೆ ಬೆರೆತರೆ ಮುಗಿಯಿತು, ಕೆರೆಗೆ ಬಿದ್ದ ಉಪ್ಪಿನ ಹಾಗೆ. ಬಡ್ಡಿಯನ್ನು ಪೂರ್ತಿ ಖರ್ಚು ಮಾಡಬೇಡಿ. ಮೂರರಲ್ಲಿ ಒಂದು ಪಾಲು ಅಸಲಿಗೆ ಸೇರಿಸುತ್ತಾ ಹೋಗಿ. ಇಲ್ಲದಿದ್ದರೆ ನಾನು ಮೊದಲು ಹೇಳಿದ 700 ರೂಪಾಯಿಯ ಕಥೆ ಆಗುತ್ತದೆ.

ಮರಿ ಕೊಳ್ಳುವಾಗ ಅಗ್ಗ ಅಂತ ಸಣ್ಣ ಮರಿ ತರಬೇಡಿ. ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಕೊರವ ಮೀನು ಇರುವ ಕೆರೆಗೆ ಸಣ್ಣ ಮರಿ ಬಿಟ್ಟರೆ ಅದಕ್ಕೆ ಊಟ ಹಾಕಿದ ಹಾಗೆ. ಸಂಖ್ಯೆ ಕಮ್ಮಿಯಾದರೂ ಚಿಂತೆಯಿಲ್ಲ, ಬೆರಳುದ್ದ ಬೆಳೆದ ಮರಿ ತನ್ನಿ. ಫೋಟೋಗೆ ಅವಸರ ಮಾಡಿ ಆಕ್ಸಿಜನ್ ಚೀಲ ಬಿಚ್ಚಿ ಸುರಿಯಬೇಡಿ. ಚೀಲವನ್ನು ಸ್ವಲ್ಪ ಹೊತ್ತು ಕೆರೆ ನೀರಿನಲ್ಲೇ ತೇಲಲು ಬಿಡಿ, ಎರಡೂ ನೀರಿನ ಬಿಸಿ ಒಂದಾಗಲಿ. ಶಾಸಕರು ಬಂದಿದ್ದರೆ ಅವರೂ ಕಾಯಲಿ.

ಮಳೆ ಬಾರದ ವರ್ಷ ಏನು ಮಾಡುವುದು? ಇದನ್ನು ಯಾರೂ ನಿಯಮದಲ್ಲಿ ಬರೆಯುವುದಿಲ್ಲ. ನಮ್ಮದು ಭದ್ರಾ ನಾಲೆಯ ಕಡೆ, ಹೇಗೋ ನಡೆಯುತ್ತದೆ. ಚಿತ್ರದುರ್ಗದವರನ್ನು ಕೇಳಿ. ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಮಧ್ಯೆ 89 ವರ್ಷ! ಒಣಗಿದ ಕೆರೆಗೆ ಸಮಾರಂಭಕ್ಕಾಗಿ ಮರಿ ಬಿಟ್ಟ ಲೆಕ್ಕವನ್ನೂ ನಾನು ನೋಡಿದ್ದೇನೆ. ನೀರಿಲ್ಲದ ವರ್ಷ ಮರಿ ಬೇಡ. ಆ ವರ್ಷದ ಬಡ್ಡಿಯನ್ನು ಸದಸ್ಯರ ಮನೆಯ ಕಷ್ಟಕ್ಕೆ ಇಡಿ.

ಯಾಕೆ ಅಂದರೆ, ಹರಿಗೋಲು ಮಗುಚಿ, ಬಲೆಗೆ ಕಾಲು ಸಿಕ್ಕಿ ಸಾಯುವುದು ಕೆರೆಯಲ್ಲೂ ಇದೆ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಸತ್ತವರ ಮನೆಗೆ 5 ಲಕ್ಷ ರೂಪಾಯಿ ಇದೆ. ಹೆಸರು ನೋಂದಾಯಿಸದವರು ಇಲ್ಲಿ ಯಾರಾದರೂ ಇದ್ದರೆ ಊಟಕ್ಕೆ ಮುಂಚೆ ಕಾರ್ಯದರ್ಶಿಗಳನ್ನು ನೋಡಿ. ಆದರೆ ಆ ದುಡ್ಡು ಬರಲು ಕಾಗದ ಓಡಾಡಬೇಕು. ಪೊಲೀಸರ ವರದಿ, ಮರಣೋತ್ತರ ಪರೀಕ್ಷೆ, ವಾರಸುದಾರರ ದಾಖಲೆ. ಅಲ್ಲಿವರೆಗೆ ಆ ಮನೆಯ ಒಲೆ ಉರಿಯಬೇಕಲ್ಲ? ಆ ಮೊದಲ ತಿಂಗಳಿಗೆ ನಿಮ್ಮ ನಿಧಿ ನಿಲ್ಲಲಿ.

ಕೊನೆಯದಾಗಿ, ರಸೀದಿ ಪುಸ್ತಕದ ಮಾದರಿ ತೋರಿಸಿದ್ದೀರಿ. ಅಧ್ಯಕ್ಷರ ಹೆಸರು ದಪ್ಪ ಅಕ್ಷರದಲ್ಲಿದೆ, ಸಂತೋಷ. ಹೋದ ವಾರ ಅವರ ಮನೆಗೆ ಹೋಗಿದ್ದೆ. ಅಲ್ಲಿ ಮುಂದೆ ಕೂತಿದ್ದಾರಲ್ಲ, ಅಮ್ಮ, ಅವರೇ ಚಹಾ ಕೊಟ್ಟರು. ನಿಧಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಮೀನು ಹಿಡಿದದ್ದು ಅವರೇ ಸಾರ್, ಬುಟ್ಟಿ ಹೊತ್ತು ಸಂತೆಯಲ್ಲಿ ಮಾರಿದವಳು ನಾನು. ಸಂಘದ ಮೊದಲ ಷೇರಿನ ದುಡ್ಡು ನನ್ನ ಸೆರಗಿನ ಗಂಟಿನಿಂದ ಹೋಗಿದ್ದು.

ಅಮ್ಮ ಇದನ್ನು ಜಗಳಕ್ಕೆ ಹೇಳಲಿಲ್ಲ, ಲೆಕ್ಕ ಹೇಳಿದರು. ನಾನು ಕಚೇರಿಗೆ ಬಂದು ಹಳೆಯ ಷೇರು ಪುಸ್ತಕ ತೆಗೆಸಿ ನೋಡಿದೆ. ಅದರಲ್ಲಿ ಅವರ ಹೆಸರಿಲ್ಲ. ರಸೀದಿ ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ ಅಂತ ಕಾರ್ಯದರ್ಶಿಗಳು ಹೇಳಿದರು. ಪ್ರೆಸ್ಸಿನವರಿಗೆ ಇವತ್ತೇ ಒಂದು ಫೋನ್ ಮಾಡಿ, ಆ ಸಾಲಿನಲ್ಲಿ ಇನ್ನೊಂದು ಹೆಸರಿಗೆ ಜಾಗ ಮಾಡಿಸಿ. ಅಕ್ಷರ ಸ್ವಲ್ಪ ಸಣ್ಣದಾದರೂ ಪರವಾಗಿಲ್ಲ.

ನಮಸ್ಕಾರ.