ಸಾಬೀತು ಮಾಡಬೇಕಾದವರು ಯಾರು?

ಕೇಳುಗರಿಗೆ ನಮಸ್ಕಾರ.

ನಮ್ಮ ಮೈಸೂರು, ಮಂಡ್ಯ ಸೀಮೆಯಲ್ಲಿ ಕಾವೇರಿಯ ಮಾತು ಬಂದರೆ ಅದು ಟಿಎಂಸಿಯಲ್ಲಿ ಶುರುವಾಗಿ ಟಿಎಂಸಿಯಲ್ಲೇ ಮುಗಿಯುತ್ತದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿ ಎಂದು ನಿಗದಿ ಮಾಡಿತು, ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂದಿತು. ಮದ್ದೂರಿನ ಟೀ ಅಂಗಡಿಯಲ್ಲಿ ಕುಳಿತವರಿಗೂ ಈ ಅಂಕಿಗಳು ಬಾಯಿಪಾಠ. ನೀರಿಗಾಗಿ ಹೆದ್ದಾರಿಯಲ್ಲಿ ಮಲಗಿದವರು ನಾವು. ಆ ಹೋರಾಟ ತಪ್ಪೆಂದು ನಾನು ಹೇಳುತ್ತಿಲ್ಲ. ಕನ್ನಂಬಾಡಿ ಕಟ್ಟೆಯ ಮಟ್ಟ ಕುಸಿದರೆ ಯಾರ ಗದ್ದೆ ಬಿರುಕು ಬಿಡುತ್ತದೆ ಎಂಬುದು ನನಗೂ ಗೊತ್ತು. ಆದರೆ ಎಷ್ಟು ನೀರು ಎಂದು ಇಷ್ಟು ಜೋರಾಗಿ ಕೇಳುವ ನಾವು, ಎಂಥ ನೀರು ಎಂದು ಕೇಳುವಾಗ ಮಾತ್ರ ಧ್ವನಿ ತಗ್ಗಿಸುತ್ತೇವೆ.

ನದಿಯ ದಾರಿಯನ್ನೇ ನೋಡಿ. ವಯನಾಡಿನಲ್ಲಿ ಹುಟ್ಟುವ ಕಪಿಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಅಣೆಕಟ್ಟೆಯನ್ನು ದಾಟಿ ನಂಜನಗೂಡಿಗೆ ಬರುತ್ತದೆ. ಅಲ್ಲಿ ದೇವಸ್ಥಾನದ ಸ್ನಾನಘಟ್ಟವೂ ಇದೆ, ದೊಡ್ಡ ಕೈಗಾರಿಕಾ ಪ್ರದೇಶವೂ ಇದೆ. ಮುಂದೆ ತಿರುಮಕೂಡಲು ನರಸೀಪುರದಲ್ಲಿ ಅದು ಕಾವೇರಿಯನ್ನು ಕೂಡುತ್ತದೆ. ಅಷ್ಟರಲ್ಲಿ ಕಾವೇರಿಯೂ ಶ್ರೀರಂಗಪಟ್ಟಣವನ್ನು ಹಾದು, ದಾರಿಯಲ್ಲಿ ಸಿಕ್ಕಿದ ಊರುಗಳ ಚರಂಡಿ ನೀರನ್ನು ಹೊತ್ತು ಬಂದಿರುತ್ತದೆ. ಎರಡೂ ಸೇರಿ ಮಳವಳ್ಳಿ ಕಡೆಗೆ ಹರಿದ ಮೇಲೆ, ಆ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿನ ನಲ್ಲಿಗಳಿಗೆ ಹೋಗುತ್ತದೆ. ನಂಜನಗೂಡಿನಲ್ಲಿ ಒಂದು ಕೊಳವೆಯಿಂದ ಹೊರಬಿದ್ದದ್ದು ಬೆಂಗಳೂರಿನವರ ಅಡುಗೆಮನೆಯ ಪ್ರಶ್ನೆಯೂ ಹೌದು. ಇದನ್ನು ರಾಜಧಾನಿಯಲ್ಲಿ ಕುಳಿತು ಕಾನೂನು ಮಾಡುವವರಿಗೆ ಆಗಾಗ ನೆನಪಿಸುವುದು ಒಳ್ಳೆಯದು.

ಕೊಳಕು ನೀರಿನ ಮಾತು ಬಂದಾಗ ನಮ್ಮ ಮನೆಗಳಲ್ಲಿ ಒಂದು ಸಿದ್ಧ ಉತ್ತರವಿದೆ: ಕಾಯಿಸಿ ಕುಡಿದರಾಯಿತು. ರೋಗಾಣುಗಳ ಮಟ್ಟಿಗೆ ಇದು ಸರಿ. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡ. ಅಂಥ ಕಡೆ ಕಾಯಿಸಿದ ನೀರು ಜೀವ ಉಳಿಸುತ್ತದೆ. ಆದರೆ ಸೀಸ, ಕ್ರೋಮಿಯಂ, ನೈಟ್ರೇಟ್ ಇವು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಅಷ್ಟು ಸಣ್ಣ ಪ್ರಮಾಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಗೃಹಿಣಿಯ ಎಚ್ಚರ, ಸ್ಟೀಲ್ ಫಿಲ್ಟರು, ಪಂಚೆಯ ಬಟ್ಟೆ ಯಾವುದೂ ಅದನ್ನು ಹಿಡಿಯಲಾರದು. ಅದನ್ನು ಹಿಡಿಯಬೇಕಾದ ಜಾಗ ಮನೆಯಲ್ಲ, ಕಾರ್ಖಾನೆಯ ಕೊಳವೆಯ ಬಾಯಿ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದವನು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಹಳೆಯ ವಿಧಾನವೊಂದಿದೆ. ಬಿರಡೆಯಿರುವ ಗಾಜಿನ ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಅದಕ್ಕೆ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರ ಬೆರೆಸಿದ ಅಯೋಡೈಡ್ ಹಾಕಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಮೋಡದಂತೆ ಇಳಿಯುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೆ ನಿಲ್ಲುತ್ತದೆ. ವಿದ್ಯಾರ್ಥಿಗಳನ್ನು ಒಂದು ಹಳ್ಳದ ಬಳಿಗೆ ಕರೆದುಕೊಂಡು ಹೋಗಿ, ಊರಿನ ಮೇಲ್ಭಾಗದಲ್ಲಿ ಒಂದು ಬಾಟಲಿ, ತ್ಯಾಜ್ಯನೀರು ಕೂಡುವ ಜಾಗದ ಕೆಳಗೆ ಇನ್ನೊಂದು ಬಾಟಲಿ ತುಂಬಿಸಿದ್ದೆ. ಮೊದಲನೆಯದು ಕಾಫಿ ಬಣ್ಣಕ್ಕೆ ತಿರುಗಿತು. ಎರಡನೆಯದು ಹಾಲಿನಂತೆ ಬೆಳ್ಳಗೆ ಉಳಿಯಿತು. ಹುಡುಗರು ಪ್ರಯೋಗ ಕೆಟ್ಟಿತೆಂದು ಭಾವಿಸಿ ಮತ್ತೆ ಮಾಡಿದರು. ಮತ್ತೆ ಬಿಳಿ. ಆ ನೀರಿನಲ್ಲಿ ಮೀನು ಉಸಿರಾಡಲು ಏನೂ ಉಳಿದಿರಲಿಲ್ಲ.

ಇದು ಹೇಗಾಗುತ್ತದೆ? ಸಕ್ಕರೆ ಸೀಮೆಯವರಿಗೆ ಅರ್ಥವಾಗುವ ಉದಾಹರಣೆಯನ್ನೇ ಕೊಡುತ್ತೇನೆ. ಸಕ್ಕರೆ ಮಾಡಿ ಉಳಿದ ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಎಂಟರಿಂದ ಹದಿನೈದು ಲೀಟರಿನಷ್ಟು ಕಡುಕಂದು ಬಣ್ಣದ ತ್ಯಾಜ್ಯನೀರು ಉಳಿಯುತ್ತದೆ. ಅದರಲ್ಲಿ ಸಾವಯವ ವಸ್ತು ಹೇರಳವಾಗಿರುತ್ತದೆ. ಅದು ಹಳ್ಳಕ್ಕೆ ಬಿದ್ದರೆ ಬ್ಯಾಕ್ಟೀರಿಯಾಗಳು ಹಬ್ಬ ಮಾಡುತ್ತವೆ; ತಿನ್ನುತ್ತ ತಿನ್ನುತ್ತ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ರಾತ್ರಿ ಜಲಸಸ್ಯಗಳೂ ಆಮ್ಲಜನಕ ಉತ್ಪಾದಿಸುವುದಿಲ್ಲವಾದ್ದರಿಂದ ಬೆಳಗಿನ ಜಾವ ಪರಿಸ್ಥಿತಿ ಅತಿ ಕೆಟ್ಟದಾಗಿರುತ್ತದೆ. ಕೆರೆಯಲ್ಲಿ ಮೀನು ಸತ್ತು ತೇಲುವುದನ್ನು ಜನ ಹೆಚ್ಚಾಗಿ ಮುಂಜಾನೆಯೇ ಕಾಣುವುದು ಈ ಕಾರಣಕ್ಕೆ. ಯಾರೋ ರಾತ್ರಿ ವಿಷ ಹಾಕಿದರು ಎಂಬ ಗುಮಾನಿ ಹಬ್ಬುತ್ತದೆ. ಕೆಲವೊಮ್ಮೆ ಅದೂ ನಿಜವಿರಬಹುದು, ಆದರೆ ಬಹಳ ಸಲ ವಿಷ ತಿಂಗಳುಗಟ್ಟಲೆ ಹಗಲಿನಲ್ಲೇ ಹರಿದಿರುತ್ತದೆ.

ಹಾಗಾದರೆ ಕಾನೂನು ಇಲ್ಲವೇ? ಇದೆ. ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ ಬಂದದ್ದು 1974ರಲ್ಲಿ, ಅಂದರೆ ಭೋಪಾಲ್ ದುರಂತಕ್ಕೂ ಹತ್ತು ವರ್ಷ ಮೊದಲು. ಅದರ 24ನೇ ಕಲಮು ವಿಷಕಾರಿ ವಸ್ತುವನ್ನು ತೊರೆಗೆ, ಬಾವಿಗೆ ಬಿಡುವುದನ್ನು ನಿಷೇಧಿಸುತ್ತದೆ. 1988ರ ತಿದ್ದುಪಡಿಯ ಮೂಲಕ ಕಾರ್ಖಾನೆಯನ್ನು ಮುಚ್ಚಿಸುವ, ವಿದ್ಯುತ್ ಮತ್ತು ನೀರಿನ ಸಂಪರ್ಕ ಕಡಿತಗೊಳಿಸುವ ಅಧಿಕಾರವೂ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಿಕ್ಕಿತು. 1991ರಲ್ಲಿ ಸುಪ್ರೀಂ ಕೋರ್ಟ್ ಮಾಲಿನ್ಯವಿಲ್ಲದ ನೀರು ಜೀವಿಸುವ ಹಕ್ಕಿನ ಭಾಗ ಎಂದಿತು. 2017ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ ಕೆಲಸ ಮಾಡುವ ಸಂಸ್ಕರಣಾ ಘಟಕ ಇಲ್ಲದ ಕಾರ್ಖಾನೆಗಳು ನಡೆಯಕೂಡದು ಎಂದು ಆದೇಶಿಸಿತು. ಕಾಗದದ ಮೇಲೆ ನಮಗೆ ಬರವಿಲ್ಲ.

ಬರ ಇರುವುದು ಬೇರೆ ಕಡೆ. ಕಾರ್ಖಾನೆಯ ಕೊಳವೆಯಿಂದ ಮಾದರಿ ತೆಗೆಯುವ ವಿಧಿಯನ್ನು ಗಮನಿಸಿ. ಅಧಿಕಾರಿ ಅಲ್ಲೇ, ಆಗಲೇ ನೋಟಿಸ್ ಕೊಡಬೇಕು. ಮಾಲೀಕನ ಅಥವಾ ಅವನ ಪ್ರತಿನಿಧಿಯ ಎದುರಿನಲ್ಲಿ ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ವರದಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ನಿರಪರಾಧಿಗೆ ರಕ್ಷಣೆ ಬೇಕು, ಒಪ್ಪೋಣ. ಆದರೆ ಭಾನುವಾರ ರಾತ್ರಿ, ಮಳೆ ಹೊಯ್ಯುವಾಗ ಬಿಟ್ಟ ನೀರು ಸೋಮವಾರ ಅಧಿಕಾರಿಯ ಜೀಪು ಬರುವಷ್ಟರಲ್ಲಿ ನರಸೀಪುರ ತಲುಪಿರುತ್ತದೆ. ಆ ರಾತ್ರಿಯೇ ಹಳ್ಳಿಯ ಹುಡುಗನೊಬ್ಬ ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿಟ್ಟ ನೀರನ್ನು ವಕೀಲರು ಒಂದೇ ಪ್ರಶ್ನೆಯಲ್ಲಿ ಚೆಲ್ಲಿಬಿಡುತ್ತಾರೆ. ನೀರು ಕುಡಿದವನು ಅದು ವಿಷವೆಂದು ಸಾಬೀತು ಮಾಡಬೇಕು, ಬಿಟ್ಟವನು ಅದು ವಿಷವಲ್ಲವೆಂದು ಸಾಬೀತು ಮಾಡಬೇಕಾಗಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಈ ಭಾರ ಹೆಗಲು ಬದಲಿಸಬೇಕು.

ಇದಕ್ಕೆ ನಾವು ತೆತ್ತ ಬೆಲೆ ಎಂಥದೆಂದು ತಿಳಿಯಲು, ಕಾರ್ಖಾನೆಯ ಪಾದರಸ ಸಮುದ್ರ ಸೇರಿ ಮಿನಮಾಟದ ಜನರನ್ನು ಬಾಧಿಸಿದ ಜಪಾನಿಗೆ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸಿಂಪಡಿಸಿದ್ದು ಸರ್ಕಾರದ್ದೇ ನಿಗಮ. ಕೊಕ್ಕಡದಂಥ ಊರುಗಳಲ್ಲಿ ಅಂಗವೈಕಲ್ಯದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ವರ್ಷಗಟ್ಟಲೆ ಕಚೇರಿಗಳನ್ನು ಸುತ್ತಿದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಆ ಕೀಟನಾಶಕವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಲ್ಲಿಯವರೆಗೂ ಸಂಶಯದ ಲಾಭ ಸಿಕ್ಕಿದ್ದು ರಾಸಾಯನಿಕಕ್ಕೆ, ಮಗುವಿಗಲ್ಲ.

ಕೀಟನಾಶಕಗಳಿಗಾದರೂ 1968ರ ಕಾಯ್ದೆಯಡಿ ನೋಂದಣಿ ಎಂಬುದಿದೆ. ಕಾರ್ಖಾನೆಗಳಲ್ಲಿ ಬಳಕೆಯಾಗುವ ಸಾವಿರಾರು ರಾಸಾಯನಿಕಗಳಿಗೆ, ಮಾರುಕಟ್ಟೆಗೆ ಬರುವ ಮೊದಲೇ ಸುರಕ್ಷತೆಯ ಮಾಹಿತಿ ಒಪ್ಪಿಸಿ ಎನ್ನುವ ಸಮಗ್ರ ಕಾನೂನು ನಮಗೆ ಬೇಕು. ಯುರೋಪಿನಲ್ಲಿ 2007ರಿಂದ ಅಂಥದೊಂದು ವ್ಯವಸ್ಥೆ ಜಾರಿಯಲ್ಲಿದೆ: ಮಾಹಿತಿ ಕೊಡದಿದ್ದರೆ ಮಾರಾಟವಿಲ್ಲ. ಅಲ್ಲಿ ಸಲ್ಲದ ಸರಕು ಇಲ್ಲಿಗೆ ಬಂದು ಸಲ್ಲುವುದಕ್ಕೆ ನಾವೇಕೆ ಬಾಗಿಲು ತೆರೆದಿಡಬೇಕು?

ಆದರೆ ಗಾಳಿ ಬೀಸುತ್ತಿರುವುದು ಎದುರು ದಿಕ್ಕಿಗೆ. ವಿಷಕಾರಿ ತ್ಯಾಜ್ಯ ಬಿಟ್ಟವನಿಗೆ 1974ರ ಕಾಯ್ದೆಯಲ್ಲಿ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿತ್ತು. 2024ರಲ್ಲಿ ಸಂಸತ್ತು ಅದನ್ನು ತಿದ್ದಿ, ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿವರೆಗಿನ ದಂಡವನ್ನು ತಂದಿತು. ಮೊದಲಿಗೆ ಇದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯವಾಯಿತು. ಉಳಿದ ರಾಜ್ಯಗಳು ನಿರ್ಣಯ ಮಾಡಿ ಒಪ್ಪಿಕೊಳ್ಳಬಹುದು. ವ್ಯಾಪಾರ ಸುಗಮವಾಗಲಿ ಎಂಬುದು ಉದ್ದೇಶವಂತೆ. ಜೈಲು ಎಂದರೆ ನಿರ್ದೇಶಕನಿಗೆ ನಿದ್ದೆ ಬರುವುದಿಲ್ಲ. ದಂಡ ಎಂದರೆ ಲೆಕ್ಕಿಗ ಒಂದು ಸಾಲು ಬರೆದುಕೊಳ್ಳುತ್ತಾನೆ. ಸಂಸ್ಕರಣಾ ಘಟಕದಲ್ಲಿ ನೀರಿಗೆ ಗಾಳಿ ಊದುವ ಯಂತ್ರಗಳು ಹಗಲೂ ರಾತ್ರಿ ವಿದ್ಯುತ್ ಕುಡಿಯುತ್ತವೆ. ಅವುಗಳನ್ನು ನಿಲ್ಲಿಸಿ ಉಳಿಸುವ ಹಣ ದಂಡಕ್ಕಿಂತ ಹೆಚ್ಚಾದ ದಿನ ಕಾನೂನು ಸತ್ತಂತೆ. ದಂಡ ಇರಲಿ, ಆದರೆ ಅದು ಉಳಿಸಿದ ಹಣವನ್ನು ಮೀರುವಂತಿರಲಿ, ಉದ್ದೇಶಪೂರ್ವಕವಾಗಿ ವಿಷ ಬಿಟ್ಟವನಿಗೆ ಜೈಲೂ ಇರಲಿ.

ಕಾರ್ಖಾನೆಗಳ ಇನ್ನೊಂದು ಜಾಣ ಉಪಾಯವನ್ನು ಹೇಳಲೇಬೇಕು. ನಮ್ಮ ಮಿತಿಗಳೆಲ್ಲ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿವೆ. ನದಿಗೆ ಬಿಡುವ ನೀರಿನಲ್ಲಿ ಸೀಸ 0.1 ಮಿಲಿಗ್ರಾಂ, ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ 0.1 ಮಿಲಿಗ್ರಾಂ, ಹೀಗೆ. ಕೊಳವೆಬಾವಿಯ ಒಳ್ಳೆಯ ನೀರನ್ನು ಬೆರೆಸಿ ತೆಳುವಾಗಿಸಿದರೆ ವರದಿ ಪಾಸಾಗುತ್ತದೆ. ನದಿಗೆ ಸೇರಿದ ಸೀಸ ಒಂದು ಕಣವೂ ಕಡಿಮೆಯಾಗಿರುವುದಿಲ್ಲ, ಮೇಲೆ ಅಂತರ್ಜಲವೂ ವ್ಯರ್ಥ. ಆದ್ದರಿಂದ ದಿನಕ್ಕೆ ಒಟ್ಟು ಎಷ್ಟು ಗ್ರಾಂ ಎಂಬ ಮಿತಿಯನ್ನು ಕಟ್ಟುನಿಟ್ಟಾಗಿ ನೋಡಬೇಕು. ಅದೂ ಏಪ್ರಿಲ್, ಮೇನಲ್ಲಿ ನದಿ ಬಡಕಲಾದಾಗ ಇನ್ನೂ ಬಿಗಿಯಾಗಬೇಕು. ದೊಡ್ಡ ಘಟಕಗಳ ಕೊಳವೆಗೆ ನಿರಂತರ ಅಳೆಯುವ ಯಂತ್ರಗಳನ್ನು ಈಗಾಗಲೇ ಕೂರಿಸಿದ್ದಾರೆ. ಆ ಯಂತ್ರದ ನಿರ್ವಹಣೆ ಕಾರ್ಖಾನೆಯ ಕೈಯಲ್ಲೇ ಇದ್ದರೆ ಬೇಲಿಯನ್ನು ಹೊಲ ಮೇಯುವವರ ವಶಕ್ಕೆ ಕೊಟ್ಟಂತೆ. ಅದನ್ನು ಮಂಡಳಿಯೇ ನೇಮಿಸಿದ ಹೊರಗಿನವರು ನೋಡಿಕೊಳ್ಳಲಿ, ಖರ್ಚನ್ನು ಕಾರ್ಖಾನೆ ಕೊಡಲಿ.

ಕಾರ್ಖಾನೆ ಮುಚ್ಚಿದರೆ ಅನ್ನ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಮಂಡ್ಯದಲ್ಲಿ ಹಗುರವಾದದ್ದಲ್ಲ. ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ಕಾಣದಿದ್ದ ಹಂಗಾಮುಗಳಲ್ಲಿ ಕಬ್ಬು ಬೆಳೆದವರು ಪಟ್ಟ ಪಾಡನ್ನು ಈ ಜಿಲ್ಲೆ ನೋಡಿದೆ. ಆದರೆ ಬಿಗಿ ನಿಯಮ ಬಂದ ಕಡೆಯೆಲ್ಲ ಉದ್ಯಮ ಸತ್ತಿತೇ? 2000ನೇ ಇಸವಿಯಲ್ಲಿ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಅದರ ನಂತರ ಮೈಸೂರಿನ ರಸ್ತೆಯಲ್ಲಿ ಸ್ಕೂಟರ್ ಕಡಿಮೆಯಾದವೇ? ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ ತೊಂಬತ್ತು ಭಾಗ, ಮೀರಬಾರದು ಎಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು. ದಸರಾಕ್ಕೆ ಮನೆಗೆ ಬಣ್ಣ ಹೊಡೆಸುವುದನ್ನು ಯಾರೂ ಬಿಟ್ಟಿಲ್ಲ. ಸಣ್ಣ ಘಟಕಗಳ ಕಷ್ಟ ನಿಜ. ಅವುಗಳಿಗೆ ಸರ್ಕಾರವೇ ಮುಂದೆ ನಿಂತು ಸಾಮೂಹಿಕ ಸಂಸ್ಕರಣಾ ಘಟಕ ಕಟ್ಟಿಕೊಡಬೇಕು.

ಹಾಗೆಯೇ ಕಾರ್ಖಾನೆಗಳನ್ನಷ್ಟೇ ಬೈದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಊರಿನ ಒಳಚರಂಡಿಯನ್ನು ಸಂಸ್ಕರಿಸದೆ ಹಳ್ಳಕ್ಕೆ ಬಿಡುವ ಸ್ಥಳೀಯ ಸಂಸ್ಥೆಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರಿ ಸಂಸ್ಥೆಗೆ ಸರ್ಕಾರಿ ಮಂಡಳಿ ನೋಟಿಸ್ ಕೊಡುತ್ತದೆ, ಉತ್ತರ ಬರುತ್ತದೆ, ಕಡತ ದಪ್ಪವಾಗುತ್ತದೆ. ದೊಡ್ಡ ಗಂಡಾಂತರ ಕೆಲವೊಮ್ಮೆ ಈ ದಪ್ಪ ಕಡತದಲ್ಲೇ ಇರುತ್ತದೆ.

ಕೊನೆಯದಾಗಿ, ಹೊಸ ಕಾನೂನಿಗೆ ಕಾಯದೆ ಇವತ್ತೇ ಬಳಸಬಹುದಾದ ಎರಡು ಅವಕಾಶಗಳನ್ನು ಹೇಳುತ್ತೇನೆ. ಯಾವ ಘಟಕಕ್ಕೆ ಎಷ್ಟು ತ್ಯಾಜ್ಯನೀರು ಬಿಡಲು, ಯಾವ ಷರತ್ತಿನ ಮೇಲೆ ಸಮ್ಮತಿ ಕೊಟ್ಟಿದ್ದಾರೆ ಎಂಬ ವಹಿಯನ್ನು ಮಂಡಳಿ ಇಡಬೇಕು. ಕಾಯ್ದೆಯ 25ನೇ ಕಲಮಿನ ಪ್ರಕಾರ ಆ ಕೊಳವೆಯಿಂದ ಬಾಧಿತರಾದ ಯಾರು ಬೇಕಾದರೂ ಕಚೇರಿ ವೇಳೆಯಲ್ಲಿ ಅದನ್ನು ನೋಡಬಹುದು. ತೋರಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ತಗಲುವುದು ಹತ್ತು ರೂಪಾಯಿ. ಎರಡನೆಯದು, ಮಂಡಳಿ ಮೊಕದ್ದಮೆ ಹೂಡದಿದ್ದರೆ ಅದಕ್ಕೆ 60 ದಿನದ ನೋಟಿಸ್ ಕೊಟ್ಟು ನಾಗರಿಕನೇ ನ್ಯಾಯಾಲಯಕ್ಕೆ ದೂರು ಕೊಡಬಹುದು. ನೋಟಿಸಿನಲ್ಲಿ ಘಟಕದ ಹೆಸರು, ಕೊಳವೆ ಇರುವ ಜಾಗ, ನೀರು ಬಿಟ್ಟ ದಿನ ಮತ್ತು ಹೊತ್ತು ಇಷ್ಟನ್ನು ಸ್ಪಷ್ಟವಾಗಿ ಬರೆಯಿರಿ, ಫೋಟೊ ಇದ್ದರೆ ಲಗತ್ತಿಸಿ. ನೋಂದಾಯಿತ ಅಂಚೆಯಲ್ಲೇ ಕಳುಹಿಸಿ, ರಸೀದಿಯನ್ನು ಜೋಪಾನವಾಗಿಡಿ.

ನಮಸ್ಕಾರ.